ಮಲ್ಲನ ದಣಿವು, ಓಟಗಾರನ ದಣಿವು

ನಮ್ಮ ಭಾಷೆಯಲ್ಲಿ ದಣಿವಿಗೆ ಹೆಸರುಗಳು ಬಹಳ. ಗುಡ್ಡ ಹತ್ತಿದವನಿಗೆ ಏದುಸಿರು; ದಿನವೆಲ್ಲ ಕೊಡಲಿ ಬೀಸಿದವನಿಗೆ ರಟ್ಟೆ ಸೋಲು; ಜ್ವರ ಬಿಟ್ಟು ಎದ್ದವನಿಗೆ ನಿತ್ರಾಣ; ಮದುವೆಯ ಮನೆಯಲ್ಲಿ ಓಡಾಡಿದವಳಿಗೆ ಬಳಲಿಕೆ; ಒಂದೇ ಭಂಗಿಯಲ್ಲಿ ಕುಳಿತು ಲೆಕ್ಕ ಬರೆದವನಿಗೆ ಕುತ್ತಿಗೆ ಹಿಡಿತ. ಇಷ್ಟೊಂದು ಹೆಸರುಗಳನ್ನು ಇಟ್ಟ ಜನ ದಣಿವೆಂಬುದು ಒಂದೇ ಬಗೆಯದಲ್ಲವೆಂದು ಅನುಭವದಿಂದ ಬಲ್ಲವರೇ ಆಗಿರಬೇಕು. ಆದರೆ ಇನ್ನೊಬ್ಬರ ದಣಿವನ್ನು ಅಳೆಯುವ ಪ್ರಸಂಗ ಬಂದಾಗ ಈ ಭೇದಗಳೆಲ್ಲ ನಮಗೆ ಮರೆತುಹೋಗುತ್ತವೆ. ಆಗ ಉಳಿಯುವವು ಎರಡೇ ಮಾತು: ಒಬ್ಬ ಗಟ್ಟಿಗ, ಇನ್ನೊಬ್ಬ ಮೈಗಳ್ಳ. ಈ ಎರಡು ಮಾತುಗಳ ತಕ್ಕಡಿಯಲ್ಲಿ ಎಷ್ಟೋ ಜನರಿಗೆ ಅನ್ಯಾಯವಾಗಿದೆ ಎಂಬುದು ನನ್ನ ಎಣಿಕೆ. ಸ್ನಾಯುಗಳ ವಿಷಯದಲ್ಲಿ ಮನುಷ್ಯ ಮುನ್ನೂರು ನಾನೂರು ವರ್ಷಗಳಿಂದ ಕಲಿತುಕೊಂಡುದನ್ನು ಒಮ್ಮೆ ಹಿಂದಿರುಗಿ ನೋಡಿದರೆ ಆ ತಕ್ಕಡಿ ಎಷ್ಟು ಒರಟೆಂಬುದು ಕಾಣುತ್ತದೆ. ನಾನು ಬೆಳಗಾವಿಯವನಾದುದರಿಂದ ನಮ್ಮ ಊರಿನ ಒಬ್ಬ ಓಟಗಾರನಿಂದಲೇ ಆರಂಭಿಸುತ್ತೇನೆ.

ಆಂಟ್‌ವರ್ಪಿನ ಹತ್ತೊಂಬತ್ತನೆಯವನು

೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾ ಒಂದು ಕ್ರೀಡಾಕೂಟವನ್ನು ನಡೆಸಿತು. ಸಂಸ್ಥೆಯ ಅಧ್ಯಕ್ಷರು ಸರ್ ದೊರಾಬ್ಜಿ ಟಾಟಾ. ಓಡಲು ಬಂದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ಹುಡುಗರು, ಬರಿಗಾಲಿನವರು, ಪಂದ್ಯದ ಕಟ್ಟುಪಾಡುಗಳನ್ನು ಕೇಳಿ ಅರಿಯದವರು. ಅವರ ಪಾಲಿಗೆ ಓಟವೆಂದರೆ ಓಟ, ಅಷ್ಟೆ. ಆದರೂ ಸುಮಾರು ಇಪ್ಪತ್ತೈದು ಮೈಲಿಯ ಓಟದಲ್ಲಿ ಮುಂದೆ ಬಂದ ಮೂರು ನಾಲ್ಕು ಜನರ ವೇಳೆ ಯುರೋಪಿನವರ ವೇಳೆಗೆ ಸರಿದೂಗುವಂತಿತ್ತು. ಟಾಟಾ ಅವರಿಗೆ ಉತ್ಸಾಹ ಬಂದಿತು. ಮರುವರ್ಷ ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ನಡೆದ ಒಲಿಂಪಿಕ್ ಪಂದ್ಯಗಳಿಗೆ ಭಾರತದಿಂದ ಒಂದು ಸಣ್ಣ ತಂಡ ಹೊರಟಿತು. ಅದರಲ್ಲಿದ್ದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

೧೯೨೦ರ ಆಗಸ್ಟ್ ೨೨ರಂದು ಮ್ಯಾರಥಾನ್ ನಡೆಯಿತು. ಆ ಸಲದ ಹಾದಿ ೪೨.೭೫ ಕಿಲೋಮೀಟರು, ಒಲಿಂಪಿಕ್ ಮ್ಯಾರಥಾನ್‌ಗಳಲ್ಲೆಲ್ಲ ಅತಿ ಉದ್ದದ ಹಾದಿ ಅದೇ. ಫಿನ್‌ಲ್ಯಾಂಡಿನ ಹಾನೆಸ್ ಕೊಲೆಮೈನೆನ್ ೨ ಗಂಟೆ ೩೨ ನಿಮಿಷ ೩೫ ಸೆಕೆಂಡುಗಳಲ್ಲಿ ಓಡಿ ಗೆದ್ದ. ಚೌಗುಲೆಯವರು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಹತ್ತೊಂಬತ್ತನೆಯವರಾದರು. ಎಂದರೆ ಕಿಲೋಮೀಟರಿಗೆ ನಾಲ್ಕು ನಿಮಿಷ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು ೨೬ ಕಿಲೋಮೀಟರು. ಆ ನಡಿಗೆಯಲ್ಲಿ ಓಡಿದವನು ಒಂದು ಮುಕ್ಕಾಲು ಗಂಟೆಯೊಳಗೆ ಖಾನಾಪುರ ಮುಟ್ಟಿ, ಅಲ್ಲಿ ನಿಲ್ಲದೆ ಕಾಡಿನ ದಿಕ್ಕಿಗೆ ಇನ್ನೊಂದು ಗಂಟೆಗೂ ಮಿಕ್ಕಿ ಅದೇ ವೇಗದಲ್ಲಿ ಓಡಬೇಕು. ಓದುಗರು ಬೇಕಾದರೆ ಒಂದು ಮೈದಾನದಲ್ಲಿ ಒಂದೇ ಒಂದು ಕಿಲೋಮೀಟರನ್ನು ನಾಲ್ಕು ನಿಮಿಷದಲ್ಲಿ ಓಡಿ ನೋಡಬಹುದು.

ಒಂಬತ್ತು ವರ್ಷಗಳ ತರುವಾಯ, ೧೯೨೯ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಟಾಟಾ ಅವರು ಈ ಸಾಹಸವನ್ನು ನೆನೆದರು. ತಾವು ಕಳುಹಿಸಿದ ಓಟಗಾರರು ಮೊದಲ ಸುತ್ತುಗಳಲ್ಲೇ ಪೂರಾ ಸೋತರೆಂದೂ ಅದರಿಂದ ಅವರಿಗೂ ತಮಗೂ ಬಹಳ ನಿರಾಶೆಯಾಯಿತೆಂದೂ ಅದರಲ್ಲಿದೆ. ಟಾಟಾ ಅವರು ಉದಾರಿಗಳು. ಅವರಿಲ್ಲದಿದ್ದರೆ ಆ ಹುಡುಗರು ಹಡಗು ಹತ್ತುತ್ತಲೇ ಇರಲಿಲ್ಲ. ಹತ್ತಿರದ ಓಟಗಳ ಮಟ್ಟಿಗೆ ಅವರು ಹೇಳಿದುದು ಸರಿಯೂ ಹೌದು. ಆದರೆ ಆ ಮಾತಿನೊಳಗೆ ಹತ್ತೊಂಬತ್ತನೆಯ ಸ್ಥಾನ ಅಡಗಿಹೋಯಿತು. ನೂರು ಗಜದ ಓಟಕ್ಕೂ ಇಪ್ಪತ್ತಾರು ಮೈಲಿಯ ಓಟಕ್ಕೂ ಬೇಕಾದ ಮೈ ಒಂದೇ ಎಂಬ ನಂಬಿಕೆ ಆ ಕಾಲದಲ್ಲಿ ಸಾಮಾನ್ಯವಾಗಿತ್ತು.

ತಾಕತ್ತು ಮತ್ತು ದಮ್ಮು

ನಮ್ಮ ಸೀಮೆ ಹೆಸರಾದುದು ಓಟಕ್ಕಲ್ಲ, ಕುಸ್ತಿಗೆ. ಬೆಳಗಾವಿಯ ಆನಂದವಾಡಿ ಆಖಾಡಾದಲ್ಲಿ ದೊಡ್ಡ ಕುಸ್ತಿಗಳಾಗುವ ದಿನ ಹಲಗೆಯ ಬಡಿತಕ್ಕೆ ಸುತ್ತಲಿನ ಹಳ್ಳಿಗಳು ಬರಿದಾಗುತ್ತವೆ. ಖಾನಾಪುರದ ಕಡೆಯ ಪೈಲ್ವಾನರೂ ಕೊಲ್ಹಾಪುರದವರೂ ಒಂದೇ ಕೆಂಪು ಮಣ್ಣಿನಲ್ಲಿ ಉರುಳುತ್ತಾರೆ. ಆಂಟ್‌ವರ್ಪಿಗೆ ಹೋದ ತಂಡದಲ್ಲೂ ಇಬ್ಬರು ಮಲ್ಲರಿದ್ದರು. ಅವರಲ್ಲಿ ರಣಧೀರ ಶಿಂದೆಯವರು ನಾಲ್ಕನೆಯ ಸ್ಥಾನಕ್ಕೆ ಬಂದುದು ಮರೆಯತಕ್ಕ ಸಂಗತಿಯಲ್ಲ.

ಗರಡಿಯ ಮಾತಿನಲ್ಲಿ ತಾಕತ್ತು ಬೇರೆ, ದಮ್ಮು ಬೇರೆ. ಎದುರಾಳಿಯನ್ನು ಒಂದೇ ಏಟಿಗೆ ಎತ್ತಿ ಒಗೆಯುವುದು ತಾಕತ್ತು. ಅರ್ಧ ಗಂಟೆಯ ಮೇಲೂ ಕಣದಲ್ಲಿ ಕಾಲೂರಿ ನಿಲ್ಲುವುದು ದಮ್ಮು. ತಾಕತ್ತಿಗೆ ಜೋರು ಮಾಡಿಸುತ್ತಾರೆ, ಸಂಗ್ರಾಣಿ ಕಲ್ಲು ಎತ್ತಿಸುತ್ತಾರೆ. ದಮ್ಮಿಗೆ ನೂರಾರು ಬಸ್ಕಿ ಹೊಡೆಸುತ್ತಾರೆ, ಬೆಳಗಿನ ಜಾವದಲ್ಲಿ ಓಡಿಸುತ್ತಾರೆ. ಎರಡೂ ಒಂದೇ ಮೈಯಲ್ಲಿ ಇರುವುದು ಅಪರೂಪವೆಂದು ಗರಡಿಗೆ ಹೋಗುವ ಹುಡುಗನೂ ಹೇಳಿಯಾನು.

ಈ ತಿಳಿವಳಿಕೆ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಭಾಗವುಂಟು. ಅದರಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಿದೆ. ಅವರ ಆಹಾರವನ್ನು ಹೇಳಿದೆ. ಸಾಧನೆಯ ಬಗೆಗಳನ್ನು ಬೇರೆಬೇರೆಯಾಗಿ ಹೆಸರಿಸಿದೆ. ಭಾರ ಎತ್ತುವುದು ಭಾರಶ್ರಮ, ನಡೆದಾಡಿ ಓಡಾಡುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬದ ಮೇಲಿನದು ಸ್ತಂಭಶ್ರಮ. ಎಲ್ಲಕ್ಕೂ ಕೊನೆಯ ಪದ ಶ್ರಮವೇ ಆದರೂ ಪ್ರತಿಯೊಂದಕ್ಕೂ ಬೇರೆ ಹೆಸರು. ಆ ಕಾಲಕ್ಕೆ ಖಾನಾಪುರ ತಾಲೂಕಿನ ಹಲಸಿಯ ಸೀಮೆಯನ್ನು ಆಳುತ್ತಿದ್ದವರು ಗೋವೆಯ ಕದಂಬರು, ಚಾಲುಕ್ಯರ ಸಾಮಂತರು. ಸೋಮೇಶ್ವರನ ಸೋದರಿ ಮೈಲಲದೇವಿಯನ್ನು ಮದುವೆಯಾದವನು ಅದೇ ಮನೆತನದ ಇಮ್ಮಡಿ ಜಯಕೇಶಿ. ಶ್ರಮದ ಬಗೆಗಳು ಬೇರೆಬೇರೆ ಎಂಬುದು ಹೀಗೆ ನಮ್ಮ ನೆಲದಲ್ಲಿ ಒಂಬತ್ತು ನೂರು ವರ್ಷಗಳ ಹಿಂದೆಯೇ ಬರಹಕ್ಕೆ ಬಂದಿತ್ತು. ಏಕೆ ಬೇರೆ ಎಂಬುದಕ್ಕೆ ಉತ್ತರ ದೊರೆಯಲು ಮಾತ್ರ ಬಹುಕಾಲ ಹಿಡಿಯಿತು.

ಕೆಂಪು ಎಳೆ, ಬಿಳಿ ಎಳೆ

ಆ ಉತ್ತರದ ಮೊದಲ ತುಣುಕು ಸಿಕ್ಕಿದುದು ಮೊಲದ ಮೈಯಲ್ಲಿ. ೧೬೭೮ರಲ್ಲಿ ಇಟಲಿಯ ಲೊರೆಂಜಿನಿ ಎಂಬಾತ ಮೊಲದ ಕೆಲವು ಸ್ನಾಯುಗಳು ಕೆಂಪಾಗಿಯೂ ಕೆಲವು ಬಿಳಿಚಾಗಿಯೂ ಇರುವುದನ್ನು ಗುರುತಿಸಿದ. ಅಡುಗೆಮನೆಯಲ್ಲಿ ಕೋಳಿ ಹೆಚ್ಚಿದವರಿಗೆಲ್ಲ ಇದು ಗೊತ್ತಿರುವ ಮಾತೇ: ದಿನವಿಡೀ ನೆಲ ಕೆದಕುತ್ತ ಅಡ್ಡಾಡುವ ಕೋಳಿಯ ಕಾಲಿನ ಮಾಂಸ ಕಪ್ಪುಗೆಂಪು, ಎಂದೋ ಒಮ್ಮೆ ರೆಕ್ಕೆ ಬಡಿದು ಗೋಡೆಗೆ ಹಾರುವ ಅದರ ಎದೆಯ ಮಾಂಸ ಬಿಳುಪು. ಆದರೆ ಬಣ್ಣಕ್ಕೂ ಕೆಲಸಕ್ಕೂ ಇರುವ ಸಂಬಂಧ ತಿಳಿಯಲು ಮತ್ತೆ ಎರಡು ನೂರು ವರ್ಷ ಬೇಕಾಯಿತು. ೧೮೭೩ರಲ್ಲಿ ಫ್ರಾನ್ಸಿನ ಲೂಯಿ ರಾನ್‌ವಿಯೇ ಆ ಸ್ನಾಯುಗಳಿಗೆ ವಿದ್ಯುತ್ತನ್ನು ಹಾಯಿಸಿ ನೋಡಿದ. ಬಿಳಿಯದು ಥಟ್ಟನೆ ಮುದುಡಿತು. ಕೆಂಪಿನದು ನಿಧಾನವಾಗಿ ಮುದುಡಿತು.

ಈಗ ನಮಗೆ ತಿಳಿದಿರುವುದಿಷ್ಟು. ಮನುಷ್ಯನ ಪ್ರತಿಯೊಂದು ಸ್ನಾಯುವಿನಲ್ಲೂ ಎರಡು ಮುಖ್ಯ ಬಗೆಯ ಎಳೆಗಳು ಹೆಣೆದುಕೊಂಡಿವೆ. ನಿಧಾನದ ಎಳೆಗಳಿಗೆ ರಕ್ತನಾಳಗಳು ಹೆಚ್ಚು. ಆಮ್ಲಜನಕವನ್ನು ಹಿಡಿದಿಡುವ ಕೆಂಪು ದ್ರವ್ಯ ಹೆಚ್ಚು. ಅವು ಕೊಬ್ಬನ್ನೂ ಸಕ್ಕರೆಯನ್ನೂ ಮೆಲ್ಲಗೆ ಉರಿಸುತ್ತ ಗಂಟೆಗಟ್ಟಲೆ ದುಡಿಯಬಲ್ಲವು. ವೇಗದ ಎಳೆಗಳು ಅವಕ್ಕಿಂತ ಹಲವು ಪಟ್ಟು ಚುರುಕು, ಬಲವೂ ಹೆಚ್ಚು. ಆದರೆ ಕೂಡಿಟ್ಟ ಗಂಟನ್ನು ಬೇಗನೆ ಖರ್ಚು ಮಾಡಿ ಕೈ ಚೆಲ್ಲುತ್ತವೆ. ಇವೆರಡರ ನಡುವೆ ಚುರುಕೂ ಇದ್ದು ಸ್ವಲ್ಪ ತಾಳಿಕೆಯೂ ಇರುವ ಇನ್ನೊಂದು ಬಗೆಯಿದೆ. ಕಣ್ಣು ಮಿಟುಕಿಸುವ ಸ್ನಾಯುವಿನಲ್ಲಿ ನಿಧಾನದ ಎಳೆ ನೂರಕ್ಕೆ ಸುಮಾರು ೧೫. ನಿಂತಾಗ ನಮ್ಮನ್ನು ಬೀಳದಂತೆ ಹಿಡಿಯುವ ಮೀನಖಂಡದ ಒಳಸ್ನಾಯುವಿನಲ್ಲಿ ನೂರಕ್ಕೆ ೮೦ಕ್ಕೂ ಮಿಕ್ಕಿ. ಎಷ್ಟು ಗಂಟೆ ನಿಂತರೂ ಮೀನಖಂಡ ಮುನಿಯದಿರುವುದಕ್ಕೂ ರೆಪ್ಪೆ ಕ್ಷಣದಲ್ಲಿ ಮುಚ್ಚುವುದಕ್ಕೂ ಕಾರಣ ಇದೇ.

ಇದರ ದೊಡ್ಡ ರೂಪವನ್ನು ಖಾನಾಪುರದ ಕಾಡಿನಲ್ಲಿ ಕಾಣಬಹುದು. ೨೦೧೧ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಭೀಮಗಡದಲ್ಲಿ ಚಿರತೆಯೂ ಇದೆ, ಸೀಳುನಾಯಿಯೂ ಇದೆ. ಚಿರತೆ ಹೊಂಚು ಹಾಕಿ ಕೆಲವೇ ನೆಗೆತಗಳಲ್ಲಿ ಕೆಲಸ ಮುಗಿಸಬೇಕು; ತಪ್ಪಿದರೆ ಬೆನ್ನಟ್ಟುವ ಗೋಜಿಗೆ ಹೋಗುವುದಿಲ್ಲ. ಸೀಳುನಾಯಿಗಳ ಹಿಂಡು ಕಡವೆಯನ್ನು ಓಡಿಸಿ ಓಡಿಸಿ ದಣಿಸುತ್ತದೆ. ಚಿರತೆಯನ್ನು ಸೋಮಾರಿ ಎಂದು ಯಾರೂ ಜರೆಯುವುದಿಲ್ಲ. ಮನುಷ್ಯರ ವಿಷಯದಲ್ಲೇ ನಮಗೆ ಆ ಔದಾರ್ಯ ಸಾಲದು.

ಮೈಯಲ್ಲಿ ಎರಡು ಬಗೆಯ ಆಳುಗಳಿದ್ದರೆ ಯಾರನ್ನು ಮೊದಲು ಕರೆಯುವುದು? ಅಮೆರಿಕದ ಎಲ್ವುಡ್ ಹೆನ್ನೆಮನ್ ೧೯೫೭ರಲ್ಲೂ ೧೯೬೫ರಲ್ಲೂ ಪ್ರಕಟಿಸಿದ ಸಂಶೋಧನೆಗಳಿಂದ ಇದರ ಕ್ರಮ ತಿಳಿಯಿತು. ಬೆನ್ನುಹುರಿಯ ಸಣ್ಣ ನರಕೋಶಗಳು ಮೊದಲು ಏಳುತ್ತವೆ. ಅವು ನಿಧಾನದ ಎಳೆಗಳನ್ನು ದುಡಿಸುತ್ತವೆ. ಭಾರ ಹೆಚ್ಚಿದಂತೆಲ್ಲ ದೊಡ್ಡ ಕೋಶಗಳು ಎದ್ದು ವೇಗದ ಎಳೆಗಳನ್ನು ಕರೆಯುತ್ತವೆ. ನೀರಿನ ಲೋಟ ಎತ್ತಲು ಬಡ ಆಳುಗಳೇ ಸಾಕು. ಕೊಡ ಎತ್ತಬೇಕಾದರೆ ಪೈಲ್ವಾನರು ಬರಬೇಕು. ನಡಿಗೆಯೊಂದನ್ನೇ ವ್ಯಾಯಾಮವೆಂದು ನಂಬಿದವರ ವೇಗದ ಎಳೆಗಳು ವರ್ಷಗಟ್ಟಲೆ ಮಲಗಿಯೇ ಇರುತ್ತವೆ.

ಹಾಗಾದರೆ ಎಳೆಗಳ ಜಾತಿ ಹುಟ್ಟಿನಿಂದಲೇ ಬಂದುದೆ? ೧೯೬೦ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಜಾನ್ ಎಕಲ್ಸ್ ಮತ್ತು ಸಂಗಡಿಗರು ಬೆಕ್ಕಿನ ಕಾಲಿನಲ್ಲಿ ವೇಗದ ಸ್ನಾಯುವಿನ ನರವನ್ನು ನಿಧಾನದ ಸ್ನಾಯುವಿಗೂ ನಿಧಾನದ್ದನ್ನು ವೇಗದ್ದಕ್ಕೂ ಜೋಡಿಸಿದರು. ಕೆಲಕಾಲದ ಮೇಲೆ ನೋಡಿದರೆ ನಿಧಾನದ ಸ್ನಾಯು ಚುರುಕಾಗಿತ್ತು, ಚುರುಕಿನದು ನಿಧಾನವಾಗಿತ್ತು. ಸ್ನಾಯುವಿನ ಸ್ವಭಾವ ಅದಕ್ಕೆ ಬರುವ ಅಪ್ಪಣೆಯನ್ನು ಬಹಳಮಟ್ಟಿಗೆ ಅವಲಂಬಿಸಿದೆ ಎಂದಾಯಿತು. ಮನುಷ್ಯನಲ್ಲಿ ಇಂಥ ಪೂರ್ಣ ಪರಿವರ್ತನೆ ಸಾಧನೆಯಿಂದ ಆಗುವುದು ಕಷ್ಟ. ಆದರೆ ವೇಗದ ಎಳೆಗಳನ್ನು ಹೆಚ್ಚು ತಾಳುವಂತೆ ಪಳಗಿಸಬಹುದು. ೧೯೬೨ರಲ್ಲಿ ಸ್ವೀಡನ್ನಿನ ಬೆರ್ಗ್‌ಸ್ಟ್ರೋಮ್ ಸೂಜಿಯಿಂದ ಸ್ನಾಯುವಿನ ಚೂರನ್ನು ತೆಗೆಯುವ ಉಪಾಯವನ್ನು ಬಳಕೆಗೆ ತಂದ ಮೇಲೆ ಬದುಕಿರುವವರ ಸ್ನಾಯುವನ್ನೇ ಪರೀಕ್ಷಿಸುವುದು ಸುಲಭವಾಯಿತು. ದೂರ ಓಡುವ ಶ್ರೇಷ್ಠರ ಮೀನಖಂಡದಲ್ಲಿ ನಿಧಾನದ ಎಳೆಗಳದೇ ಮೇಲುಗೈ ಎಂಬುದು ೧೯೭೦ರ ದಶಕದಲ್ಲಿ ಕಂಡುಬಂದಿತು. ಚೌಗುಲೆಯವರ ಕಾಲನ್ನು ಯಾರೂ ಹಾಗೆ ಪರೀಕ್ಷಿಸಲಿಲ್ಲ. ಅವರು ಓಡಿದ ಹಾದಿಯೇ ಅದಕ್ಕೆ ಸಾಕ್ಷಿ.

ದಣಿವಿನ ಬೇಟೆ

ದಣಿವನ್ನು ಮೊದಲು ಅಳತೆಗೆ ತಂದವರಲ್ಲಿ ಇಟಲಿಯ ಟ್ಯೂರಿನ್ ನಗರದ ಆಂಜೆಲೋ ಮೊಸ್ಸೋ ಪ್ರಮುಖ. ಮುಂಗೈಯನ್ನು ಅಲುಗದಂತೆ ಬಿಗಿದು, ನಡುಬೆರಳಿಗೆ ದಾರ ಕಟ್ಟಿ, ದಾರದ ತುದಿಯ ತೂಕವನ್ನು ಲಯಬದ್ಧವಾಗಿ ಎತ್ತಿಸುವ ಯಂತ್ರವನ್ನು ಆತ ಮಾಡಿದ. ಪ್ರತಿ ಎತ್ತುವಿಕೆಯೂ ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಯಾಗುತ್ತಿತ್ತು. ನಮ್ಮ ವೈದ್ಯಕೀಯ ಕಾಲೇಜುಗಳ ಮೊದಲ ವರ್ಷದ ಹುಡುಗರು ಆ ಯಂತ್ರದಲ್ಲಿ ಬೆರಳಿಟ್ಟು ಕಲಿಯುವುದುಂಟು. ಮೊಸ್ಸೋ ಕಂಡ ಮೊದಲ ಸಂಗತಿಯೆಂದರೆ, ಒಬ್ಬೊಬ್ಬನ ದಣಿವಿನ ಗೆರೆ ಒಂದೊಂದು ಬಗೆ. ಒಬ್ಬನದು ಮೊದಲೇ ಕುಸಿದು ಬೀಳುತ್ತದೆ, ಇನ್ನೊಬ್ಬನದು ಮೆಲ್ಲಗೆ ಇಳಿಯುತ್ತದೆ, ಮತ್ತೊಬ್ಬನದು ಬಹಳ ಹೊತ್ತು ನಿಂತು ಒಮ್ಮೆಗೇ ಮುರಿಯುತ್ತದೆ. ಎರಡನೆಯದು ಇನ್ನೂ ಸ್ವಾರಸ್ಯದ್ದು. ದಿನವಿಡೀ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಬಂದ ಅಧ್ಯಾಪಕನ ಬೆರಳು ಮುಂಜಾನೆಗಿಂತ ಬಹುಬೇಗ ಸೋಲುತ್ತಿತ್ತು. ಆತ ಎತ್ತಿದುದು ಸೀಮೆಸುಣ್ಣವಷ್ಟೆ. ೧೮೯೧ರಲ್ಲಿ ಮೊಸ್ಸೋ ದಣಿವಿನ ಮೇಲೊಂದು ಪುಸ್ತಕವನ್ನೇ ಬರೆದ. ಸಿಸಿಲಿಯ ಗಂಧಕದ ಗಣಿಗಳಲ್ಲಿ ಹೊರೆ ಹೊತ್ತು ಮೈ ಸೊಟ್ಟಗಾದ ಹುಡುಗರನ್ನೂ ಆತ ಅಲ್ಲಿ ಮರೆಯಲಿಲ್ಲ.

ಆಮೇಲೆ ಬಂದುದು ಆಮ್ಲದ ಕಾಲ. ೧೯೦೭ರಲ್ಲಿ ಕೇಂಬ್ರಿಜ್ಜಿನ ಫ್ಲೆಚರ್ ಮತ್ತು ಹಾಪ್‌ಕಿನ್ಸ್ ಕಪ್ಪೆಯ ಸ್ನಾಯು ದಣಿದಂತೆಲ್ಲ ಅದರಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುವುದನ್ನು ತೋರಿಸಿದರು. ಈ ದಾರಿಯಲ್ಲಿ ಮುಂದುವರಿದ ಹಿಲ್ ಮತ್ತು ಮೈಯರ್‌ಹೋಫ್ ಅವರಿಗೆ ೧೯೨೨ರ ನೊಬೆಲ್ ಪ್ರಶಸ್ತಿ ಬಂದಿತು. ಅಂದಿನಿಂದ ಆಮ್ಲವೇ ದಣಿವಿನ ವಿಷವೆಂದು ಪಾಠಪುಸ್ತಕಗಳು ಹೇಳುತ್ತ ಬಂದವು. ಮೈಕೈ ನೋವಿಗೂ ಅದನ್ನೇ ದೂರಿದವು. ಕೊನೆಗೆ ಈ ಆಪಾದನೆ ನಿಲ್ಲಲಿಲ್ಲ. ಓಟ ನಿಂತ ಸುಮಾರು ಒಂದು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟು ಮಾಮೂಲಿಗೆ ಇಳಿದಿರುತ್ತದೆ. ನೋವು ಏಳುವುದು ಮರುದಿನ. ಆ ನೋವು ಎಳೆಗಳಲ್ಲಾದ ಸೂಕ್ಷ್ಮ ಗಾಯದ್ದು. ಗುಡ್ಡ ಹತ್ತಿದುದಕ್ಕಿಂತ ಇಳಿದುದೇ ತೊಡೆಗೆ ಹೆಚ್ಚು ನೋವು ತರುವುದು ಇದಕ್ಕಾಗಿ. ಲ್ಯಾಕ್ಟೇಟಾದರೋ ವಿಷವಲ್ಲ, ಉರುವಲು; ಹೃದಯವೇ ಅದನ್ನು ಉರಿಸಿ ದುಡಿಯುತ್ತದೆ.

ಸ್ನಾಯುವಿನ ನಿಜವಾದ ನಾಣ್ಯವನ್ನು ಕಂಡವರಲ್ಲಿ ನಮ್ಮ ನೆರೆನಾಡಿನವರೊಬ್ಬರು ಇದ್ದರೆಂಬುದು ಹೆಮ್ಮೆಯ ಮಾತು. ಆಂಧ್ರದ ಭೀಮವರಂನಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯವರೊಡನೆ ದುಡಿದು ೧೯೨೭ರಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ದ್ರವ್ಯವನ್ನೂ ೧೯೨೯ರಲ್ಲಿ ಎ.ಟಿ.ಪಿ.ಯನ್ನೂ ಗುರುತಿಸಿದರು. ಎ.ಟಿ.ಪಿ.ಯನ್ನು ಅದೇ ವರ್ಷ ಜರ್ಮನಿಯ ಲೋಮನ್ ಕೂಡ ಕಂಡುಹಿಡಿದ. ಎ.ಟಿ.ಪಿ. ಕಿಸೆಯ ಚಿಲ್ಲರೆ, ಕೆಲವೇ ಸೆಕೆಂಡುಗಳಿಗೆ ಸಾಕು. ಫಾಸ್ಫೋಕ್ರಿಯಾಟಿನ್ ಪೆಟ್ಟಿಗೆಯ ಹಣ. ಮೈಮುರಿದು ದುಡಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬಹುತೇಕ ಬರಿದು. ಆಮೇಲೆ ಸಕ್ಕರೆ, ಕೊನೆಗೆ ಕೊಬ್ಬು. ಮಲ್ಲನು ಎದುರಾಳಿಯನ್ನು ಎತ್ತಿ ಒಗೆಯುವಾಗ ಕಿಸೆಯೂ ಪೆಟ್ಟಿಗೆಯೂ ಖಾಲಿಯಾಗುತ್ತವೆ. ಫಾಸ್ಫೇಟು ಎಳೆಯೊಳಗೆ ಕಿಕ್ಕಿರಿದು, ಸ್ನಾಯುವನ್ನು ಮುದುಡಿಸುವ ಕ್ಯಾಲ್ಸಿಯಮ್ಮಿನ ಹರಿವು ಕುಂದಿ, ತೋಳು ಕೇಳಿದಷ್ಟು ಕೊಡದಾಗುತ್ತದೆ. ಎರಡು ಮೂರು ನಿಮಿಷ ಬಿಡುವು ಸಿಕ್ಕರೆ ಬಹುಪಾಲು ಮತ್ತೆ ತುಂಬುತ್ತದೆ. ಓಟಗಾರನ ದಣಿವು ಇಂಥದಲ್ಲ. ಸುಮಾರು ಮೂವತ್ತು ಕಿಲೋಮೀಟರು ದಾಟುವ ಹೊತ್ತಿಗೆ ಸ್ನಾಯುವಿನಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಸಕ್ಕರೆ ತಳ ಕಾಣುತ್ತದೆ. ಎರಡು ನಿಮಿಷ ಕುಳಿತರೆ ಅದು ಹೋಗದು. ಅದಕ್ಕೆ ಊಟ ಬೇಕು, ಒಂದು ದಿನ ಬೇಕು.

ಮೊಸ್ಸೋನ ಅಧ್ಯಾಪಕನ ಬೆರಳಿಗೂ ಉತ್ತರ ದೊರೆಯಿತು. ದಣಿವಿನ ಒಂದು ಪಾಲು ಮಿದುಳಿನದು. ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ ಸವಾರರಿಗೆ ಪಿಷ್ಟದ ಸಕ್ಕರೆ ಬೆರೆಸಿದ ನೀರನ್ನು ಬಾಯಲ್ಲಿ ಮುಕ್ಕಳಿಸಿ ಉಗುಳಲು ಹೇಳಿದರು. ಒಂದು ಹನಿಯೂ ಹೊಟ್ಟೆಗೆ ಇಳಿಯದಿದ್ದರೂ ಅವರು ಸುಮಾರು ಒಂದು ಗಂಟೆಯ ಸವಾರಿಯನ್ನು ಬೇಗ ಮುಗಿಸಿದರು. ಊಟ ಬರುತ್ತಿದೆ ಎಂಬ ಸುದ್ದಿಗೇ ಮಿದುಳು ಬಿಗಿಹಿಡಿದ ಕೈಯನ್ನು ಕೊಂಚ ಸಡಿಲಿಸಿತು.

ಕದಲದವರ ದಣಿವು

ಮಲ್ಲನನ್ನೂ ಓಟಗಾರನನ್ನೂ ನೋಡಲು ಜನ ಸೇರುತ್ತಾರೆ. ಆದರೆ ನೋಡುವವರಿಲ್ಲದ ಮೂರನೆಯ ಬಗೆಯ ದಣಿವೊಂದಿದೆ. ಅದು ಭಾರ ಹಿಡಿದು ನಿಂತವರ ದಣಿವು. ಸ್ನಾಯು ಬಿಗಿದೇ ಇದ್ದರೆ ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕುತ್ತದೆ. ಉರುವಲೂ ಬಾರದು, ಬೂದಿಯೂ ಹೋಗದು. ೧೯೬೦ರಲ್ಲಿ ಜರ್ಮನಿಯ ರೋಮರ್ಟ್ ಇದನ್ನು ಅಳೆದ. ತನ್ನ ಪೂರ್ಣಬಲದ ಅರ್ಧದಷ್ಟನ್ನು ಕದಲದೆ ಹಿಡಿಯುವುದು ಸುಮಾರು ಒಂದು ನಿಮಿಷದ ಮಾತು. ಗಂಟೆಗಟ್ಟಲೆ ಹಿಡಿಯಬೇಕಾದರೆ ಭಾರ ಅದರ ಸಣ್ಣ ಪಾಲಾಗಿರಬೇಕು. ಗರಡಿಯಲ್ಲಿ ಪಟ್ಟು ಹಾಕಿ ಹಿಡಿದವನ ತೋಳು ಏಕೆ ನಡುಗುತ್ತದೆ ಎಂಬುದು ಇದರಿಂದ ತಿಳಿಯುತ್ತದ. ಮಾರನ್ನು ಅಲುಗದಂತೆ ಹಿಡಿದುಕೊಂಡು ಮಗುವನ್ನು ಎತ್ತಿನಿಂತ ತಾಯಿಯ ಸೊಂಟಕ್ಕೂ ಇದೇ ಲೆಕ್ಕ.

ಬೆಳಗಾವಿಯ ರವಿವಾರಪೇಟೆಯಲ್ಲಿ ನಾನು ಎಷ್ಟೋ ಸಲ ಹಮಾಲರ ಕೆಲಸವನ್ನು ನೋಡುತ್ತ ನಿಂತದ್ದುಂಟು. ಬೆನ್ನ ಮೇಲೆ ಚೀಲ ಬಿದ್ದ ಕೂಡಲೇ ಅವರು ಓಡುವಂತೆ ನಡೆಯುತ್ತಾರೆ. ಇಳಿಸಿದ ಮೇಲೆ ಮೆಲ್ಲಗೆ ಬರುತ್ತಾರೆ. ಆ ಮೆಲ್ಲಗಿನ ನಡಿಗೆಯನ್ನು ಕಂಡು ಗದ್ದಿಗೆಯ ಮೇಲಿನವರು ರೇಗುವುದನ್ನೂ ಕೇಳಿದ್ದೇನೆ. ಆದರೆ ಹಮಾಲನು ಮಾಡುವುದು ಶಾಸ್ತ್ರಶುದ್ಧ. ಹೊರೆ ಹೊತ್ತ ಹೊತ್ತನ್ನು ಕಿರಿದು ಮಾಡುತ್ತಾನೆ, ಬರಿಗೈಯಲ್ಲಿ ಬರುವಾಗ ರಕ್ತ ಹರಿಯಲು ಬಿಡುತ್ತಾನೆ. ಕ್ವಿಂಟಾಲಿನ ಚೀಲ ಹೊತ್ತವರು ನಮ್ಮ ನಡುವೆ ಇನ್ನೂ ಇದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೬೭ರಲ್ಲಿ ಗಂಡಾಳು ಹೊರುವ ಭಾರ ೫೫ ಕಿಲೋಗ್ರಾಮನ್ನು ಮೀರಬಾರದೆಂದು ಸಲಹೆ ಮಾಡಿತು.

ಖಾನಾಪುರದ ಕುಂಬಾರರ ಕೆಲಸದಲ್ಲಿ ಈ ಮೂರೂ ಬಗೆಯ ದಣಿವು ಒಂದೆಡೆ ಸೇರುತ್ತವೆ. ಅಲ್ಲಿಯ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದುದು. ಖಾದಿ ಗ್ರಾಮೋದ್ಯೋಗದವರ ಕುಂಬಾರಿಕೆಯ ಸಂಸ್ಥೆಯೂ ಅಲ್ಲಿದೆ. ಮಣ್ಣಿನ ಮುದ್ದೆಯನ್ನು ಎತ್ತಿ ಬಡಿಯುವುದು ಮಲ್ಲನ ಕೆಲಸ. ತುಳಿದು ಹದ ಮಾಡುವುದು ಓಟಗಾರನ ಕೆಲಸ. ತಿಗರಿಯ ಮೇಲೆ ಮುದ್ದೆಯನ್ನು ನಡುವಿಗೆ ತಂದು ಮೊಣಕೈ ಅಲುಗದಂತೆ ಹಿಡಿಯುವುದು ಹಮಾಲನ ಕೆಲಸ. ಕಾಡಂಚಿನ ಹಳ್ಳಿಗಳಿಂದ ಸಿಂಬಿಯ ಮೇಲೆ ಸೌದೆಯ ಹೊರೆ ತರುವ ಹೆಂಗಸರದು ಇನ್ನೊಂದು ಜಾಣ್ಮೆ. ಕೀನ್ಯಾ ದೇಶದ ಹೆಂಗಸರನ್ನು ಪರೀಕ್ಷಿಸಿ ೧೯೮೬ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯಂತೆ, ಚಿಕ್ಕಂದಿನಿಂದ ಹೊತ್ತು ಪಳಗಿದವರು ತಮ್ಮ ತೂಕದ ಐದನೆಯ ಒಂದು ಪಾಲಿನವರೆಗೆ ತಲೆಯ ಮೇಲೆ ಹೊತ್ತರೂ ಬರಿದೆ ನಡೆದುದಕ್ಕಿಂತ ಹೆಚ್ಚು ಶಕ್ತಿ ಖರ್ಚಾಗಲಿಲ್ಲ. ಹೊರೆಯನ್ನು ಎಲುಬಿನ ಕಂಬದ ಮೇಲೆ ಇಟ್ಟು ನಡಿಗೆಯನ್ನೇ ತಿದ್ದಿಕೊಂಡುದರ ಫಲವದು. ದುಡಿಯುವ ಮೈ ದಡ್ಡ ಮೈಯಲ್ಲ.

ಇದೇ ತಾಲೂಕಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಹೆಸರಿನ ಅಪರೂಪದ ಬಾವಲಿ ಇದೆ. ವಿಜ್ಞಾನಕ್ಕೆ ಅದರ ಪರಿಚಯವಾದುದು ೧೯೧೩ರಲ್ಲಿ. ಬಾವಲಿಗಳಲ್ಲಿ ಬಹುಪಾಲಿನವಕ್ಕೆ ಕಾಲ್ಬೆರಳ ಸ್ನಾಯುರಜ್ಜು ಮೈಯ ಭಾರಕ್ಕೆ ತಾನೇ ಕೊಂಡಿಯಾಗಿ ಬೀಳುತ್ತದೆ. ಹಗಲೆಲ್ಲ ನೇತಾಡಿದರೂ ಸ್ನಾಯುವಿಗೆ ದುಡಿಮೆಯಿಲ್ಲ. ಮನುಷ್ಯನಿಗೆ ಅಂಥ ಕೊಂಡಿಯಿಲ್ಲ. ಮೇಜಿನ ಮುಂದೆ ಬಾಗಿ ಕುಳಿತ ಗುಮಾಸ್ತನ ಹೆಗಲಿನಲ್ಲಿ ಕೆಲವು ನಿಧಾನದ ಎಳೆಗಳು ಕಚೇರಿ ತೆರೆದಾಗಿನಿಂದ ಮುಚ್ಚುವವರೆಗೆ ಬಿಡುವಿಲ್ಲದೆ ಬಿಗಿದಿರುತ್ತವೆ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಕಥೆಯ ಹುಡುಗಿಯನ್ನು ನೆನೆದು ಸ್ವೀಡನ್ನಿನ ಸಂಶೋಧಕನೊಬ್ಬ ಇವನ್ನು ಸಿಂಡ್ರೆಲಾ ಎಳೆಗಳೆಂದು ಕರೆದಿದ್ದಾನೆ. ‘ದಿನವೆಲ್ಲ ಕುಳಿತೇ ಇದ್ದಿರಿ, ನಿಮಗೇನು ದಣಿವು?’ ಎಂದು ಕೇಳುವ ಮನೆಯವರಿಗೆ ಈ ಹೆಸರು ಉತ್ತರವಾದೀತು. ಅರ್ಧ ಗಂಟೆಗೊಮ್ಮೆ ಎದ್ದು ತೋಳು ಬೀಸಿ ಬರುವುದು ಆ ಹುಡುಗಿಗೆ ಕೊಡುವ ರಜೆ.

ದಣಿಯದವರೂ ಇದ್ದಾರೆ. ಹೃದಯದ ಸ್ನಾಯು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಅದರ ಕೋಶದ ಸುಮಾರು ಮೂರನೆಯ ಒಂದು ಪಾಲು ಆಮ್ಲಜನಕದಿಂದ ಉರುವಲನ್ನು ಸುಡುವ ಒಲೆಗಳೇ. ಅದಕ್ಕಿಂತ ಮುಖ್ಯವಾದುದೆಂದರೆ, ಒಂದು ಮಿಡಿತ ಮುಗಿದು ಸಡಿಲವಾಗುವ ತನಕ ಹೃದಯ ಮತ್ತೊಂದು ಅಪ್ಪಣೆಯನ್ನು ಕೇಳುವುದಿಲ್ಲ. ಹಾಗಾಗಿ ಅದನ್ನು ಬಿಗಿಹಿಡಿಸಿ ದುಡಿಸಲು ಬಾರದು. ಕರುಳಿನ, ರಕ್ತನಾಳಗಳ ನಯವಾದ ಸ್ನಾಯು ಅತಿ ನಿಧಾನ. ಅತಿ ಕಡಿಮೆ ಖರ್ಚಿನಲ್ಲಿ ಬಿಗಿದು ನಿಲ್ಲಬಲ್ಲದು. ಬಿಡುವಿಲ್ಲದ ದುಡಿಮೆ ಇವುಗಳಲ್ಲಿ ಯಾವುದರ ಗುಟ್ಟೂ ಅಲ್ಲ. ಹೃದಯದ ಗುಟ್ಟು ಪ್ರತಿ ಮಿಡಿತದ ನಡುವಣ ಬಿಡುವು.

ಕಾಯಿದೆ ಈ ಗುಟ್ಟನ್ನು ಬಹಳ ತಡವಾಗಿ ಕಲಿಯಿತು. ೧೮೮೧ರ ಭಾರತದ ಮೊದಲ ಕಾರ್ಖಾನೆ ಕಾಯಿದೆ ಏಳು ವರ್ಷದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಲು ಒಪ್ಪಿತ್ತು. ೧೯೧೧ರಲ್ಲಿ ಬಟ್ಟೆ ಗಿರಣಿಯ ಗಂಡಾಳಿಗೆ ಹನ್ನೆರಡು ಗಂಟೆಯ ಮಿತಿ, ೧೯೨೨ರಲ್ಲಿ ಹನ್ನೊಂದು. ೧೯೪೮ರಲ್ಲಿ ಒಂಬತ್ತು ಗಂಟೆಯ ಮಿತಿಯೂ ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದೆಂಬ ನಿಯಮವೂ ಬಂದವು. ಒಂದೊಂದು ಗಂಟೆ ಇಳಿಸುವಾಗಲೂ ಮೈಗಳ್ಳತನಕ್ಕೆ ಕುಮ್ಮಕ್ಕು ಕೊಟ್ಟಂತಾಯಿತೆಂಬ ಆಕ್ಷೇಪಣೆ ಏಳದೆ ಇರಲಿಲ್ಲ.

ಮನೆಯೊಳಗೂ ಈ ತಿಳಿವಳಿಕೆಗೆ ಕೆಲಸವಿದೆ. ವಯಸ್ಸಾದಂತೆ ನಾವು ಮೊದಲು ಕಳೆದುಕೊಳ್ಳುವುದು ವೇಗದ ಎಳೆಗಳ ಬಲವನ್ನು. ಅಜ್ಜ ದಿನಾ ಎರಡು ಮೈಲಿ ನಡೆದರೂ ಎಡವಿದಾಗ ಥಟ್ಟನೆ ಕಾಲೂರಲಾರದೆ ಬೀಳುತ್ತಾನೆ. ನಡಿಗೆ ಉಳಿಸಿದುದು ಒಂದು ಬಗೆ, ಬೀಳಿಸಿದುದು ಇನ್ನೊಂದರ ಕೊರತೆ. ೧೯೯೦ರಲ್ಲಿ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಬಡಕಲು ಮುದುಕರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ತೊಡೆಯ ಬಲ ಇಮ್ಮಡಿಗೂ ಮಿಕ್ಕಿ ಬೆಳೆಯಿತು. ಕುರ್ಚಿ ಹಿಡಿದು ಹತ್ತು ಬಸ್ಕಿ ಹೊಡೆಯಲು ವೈದ್ಯರ ಒಪ್ಪಿಗೆಯಿದ್ದರೆ ಸಾಕು, ಗರಡಿಯೇ ಬೇಕಿಲ್ಲ. ಶಾಲೆಯಲ್ಲೂ ಹಾಗೆಯೇ. ಐವತ್ತು ಮೀಟರಿನ ಓಟದಲ್ಲಿ ಕೊನೆಗೆ ಬಂದ ಹುಡುಗನನ್ನು ಕೈಲಾಗದವನೆಂದು ಕೂರಿಸುವ ಮೊದಲು ಐದು ಸಾವಿರ ಮೀಟರು ಓಡಿಸಿ ನೋಡುವುದು ನ್ಯಾಯ.

ಬೆಳಗಾವಿಯ ಚೌಗುಲೆಯವರು ೧೯೫೨ರಲ್ಲಿ ತೀರಿಕೊಂಡರು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವ ಎಂಬ ಮಲ್ಲನು ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದ; ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ಒಂಟಿಯಾಗಿ ತಂದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಪದಕದ ಮಲ್ಲನನ್ನು ನಾಡು ನೆನೆಯುತ್ತದೆ, ನೆನೆಯಲೇಬೇಕು. ಕಿಲೋಮೀಟರಿಗೆ ನಾಲ್ಕು ನಿಮಿಷದಂತೆ ನಲವತ್ತೆರಡು ಮುಕ್ಕಾಲು ಕಿಲೋಮೀಟರು ಓಡಿದವನನ್ನೂ ಸೋತವನೆಂದು ಕರೆಯದೆ ನೆನೆಯುವುದನ್ನು ಕಲಿತರೆ, ರವಿವಾರಪೇಟೆಯಲ್ಲಿ ಚೀಲ ಇಳಿಸಿ ಮೆಲ್ಲಗೆ ಬರುವವನನ್ನು ನೋಡುವ ನಮ್ಮ ಕಣ್ಣೂ ಬದಲಾದೀತು.